ಹಳೇ ಕಾರು ಮಾರುತ್ತಿದ್ದ ಎಂಜಿನಿಯರ್: ಕಾಲಿನ್ ಚಾಪ್‌ಮನ್ ಮತ್ತು ಬೇರೆಯವರ ರಿಸ್ಕ್

ಕಳೆದ ತಿಂಗಳು ಕಾಲೇಜಿನ ಗೆಳೆಯನೊಬ್ಬ ಫೋನ್ ಮಾಡಿದ. ಸ್ಪೋರ್ಟ್ಸ್ ಕಾರು ತಗೋತಿದೀನಿ, ಬಂದು ಒಂದ್ಸಲ ನೋಡು ಮಾರಾಯ ಅಂದ. ಹೊಸದೇನಲ್ಲ. ಹದಿಮೂರು ವರ್ಷ ಹಳೆಯದು, ಎರಡು ಬಾಗಿಲಿನ ಜರ್ಮನ್ ಕಾರು. ಮೀಟರಿನಲ್ಲಿ 1,18,000 ಕಿಲೋಮೀಟರ್. ಹೊಸದರಲ್ಲಿ ಇದ್ದ ಬೆಲೆಯ ಕಾಲು ಭಾಗಕ್ಕೂ ಕಡಿಮೆಗೆ ಸಿಗ್ತಿದೆ ಅನ್ನೋದು ಅವನ ಸಂಭ್ರಮ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಪತ್ರಿಕೋದ್ಯಮಕ್ಕೆ ಬಂದವನು. ನೆಂಟರಿಷ್ಟರ ಲೆಕ್ಕದಲ್ಲಿ ಮೆಕ್ಯಾನಿಕಲ್ ಓದಿದವನಿಗೆ ಮಿಕ್ಸಿಯಿಂದ ವಿಮಾನದವರೆಗೆ ಎಲ್ಲ ರಿಪೇರಿಯೂ ಬರಬೇಕು. ಹಾಗಾಗಿ ಹೋದೆ.

ಊರಾಚೆ ಶೀಟಿನ ಶೆಡ್ಡಿನಲ್ಲಿ ಕಾರು ಪಳಪಳ ಹೊಳೀತಾ ನಿಂತಿತ್ತು. ಮಾರುವವರು ಡಾಕ್ಟರ್ ಒಬ್ಬರ ಕಾರು ಸಾರ್, ಭಾನುವಾರ ಮಾತ್ರ ತೆಗೀತಿದ್ರು ಅಂದರು. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯ ಮಾತು ನಂಬುವುದಾದರೆ ಈ ಊರಿನಲ್ಲಿ ಡಾಕ್ಟರುಗಳನ್ನು ಬಿಟ್ಟು ಬೇರೆ ಯಾರೂ ಕಾರು ಓಡಿಸಿಯೇ ಇಲ್ಲ. ನಾನು ಬಗ್ಗಿ ಬ್ರೇಕ್ ಪೆಡಲ್ ನೋಡಿದೆ. ಅದರ ರಬ್ಬರಿನ ಗೆರೆಗಳು ಒಂದು ಕಡೆ ಪೂರ್ತಿ ಸವೆದು ನುಣ್ಣಗಾಗಿದ್ದವು. ಡ್ರೈವರ್ ಸೀಟಿನ ಅಂಚು ಕುಸಿದಿತ್ತು. ಸ್ಟೀರಿಂಗಿನ ಚರ್ಮ ಕೈ ಬೆವರಿಗೆ ಮಿರುಗುತ್ತಿತ್ತು. ಸರ್ವೀಸ್ ಪುಸ್ತಕದಲ್ಲಿ ಮೊದಲ ಎಂಟು ವರ್ಷದ ಸೀಲುಗಳು ಸರಿಯಾಗಿವೆ, ಆಮೇಲೆ ಏನೂ ಇಲ್ಲ. ಮೀಟರ್ ಹೇಳುತ್ತಿದ್ದ ಕಥೆ ಒಂದು, ಪೆಡಲ್ ಹೇಳುತ್ತಿದ್ದ ಕಥೆ ಇನ್ನೊಂದು. ಯಾವುದು ನಿಜ ಅಂತ ಗೊತ್ತಿದ್ದದ್ದು ಆ ಶೆಡ್ಡಿನಲ್ಲಿ ಒಬ್ಬರಿಗೆ ಮಾತ್ರ, ಅವರು ನಮಗೆ ಟೀ ತರಿಸುತ್ತಿದ್ದರು.

ವಾಪಸ್ ಬರುವಾಗ ನನಗೆ ಕಾಲಿನ್ ಚಾಪ್‌ಮನ್ ನೆನಪಾದ. ಫಾರ್ಮುಲಾ ಒನ್ ನೋಡುವವರಿಗೆ ಈ ಹೆಸರು ಗೊತ್ತು. ಲೋಟಸ್ ಕಂಪನಿ ಕಟ್ಟಿದವನು. (ಲೋಟಸ್ ಅಂದರೆ ಕಮಲವೇ, ಆದರೆ ಗಾಬರಿ ಬೇಡ, ಯಾವ ಪಕ್ಷದ ಚಿಹ್ನೆಗೂ ಸಂಬಂಧವಿಲ್ಲ.) ಅವನ ತಂಡ ಫಾರ್ಮುಲಾ ಒನ್‌ನಲ್ಲಿ ಏಳು ಸಲ ತಯಾರಕರ ಚಾಂಪಿಯನ್ ಆಯಿತು. ಎಂಜಿನಿಯರಿಂಗ್ ಓದುವ ಹುಡುಗರ ಪಾಲಿಗೆ ಆತ ಒಂಥರಾ ದೇವರು, ನನ್ನ ಹಾಸ್ಟೆಲ್ ರೂಮಿನ ಗೋಡೆಯ ಮೇಲೂ ಅವನ ಕಪ್ಪು ಬಂಗಾರ ಬಣ್ಣದ ರೇಸ್ ಕಾರಿನ ಚಿತ್ರ ಇತ್ತು. ಅವನ ಬದುಕು ಶುರುವಾಗಿದ್ದು ಲಂಡನ್ನಿನ ಒಂದು ಹಳೇ ಕಾರಿನ ಬೀದಿಯಲ್ಲಿ ಅನ್ನೋದು ಆಗ ಗೊತ್ತಿರಲಿಲ್ಲ. ಅದು ಮುಗಿದದ್ದು ಪನಾಮಾದಲ್ಲಿ ನೋಂದಾಯಿಸಿದ ಒಂದು ಕಂಪನಿಯ ನೆರಳಲ್ಲಿ ಅನ್ನೋದಂತೂ ತುಂಬಾ ತಡವಾಗಿ ಗೊತ್ತಾಯಿತು.

ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಲಂಡನ್ ಪಕ್ಕದ ರಿಚ್‌ಮಂಡ್‌ನಲ್ಲಿ. ಅಪ್ಪ ಉತ್ತರ ಲಂಡನ್ನಿನ ಹಾರ್ನ್‌ಸಿಯಲ್ಲಿ ರೈಲ್ವೆ ಹೋಟೆಲ್ ನಡೆಸುತ್ತಿದ್ದರು. 1945ರಲ್ಲಿ ಹುಡುಗ ಯೂನಿವರ್ಸಿಟಿ ಕಾಲೇಜ್ ಲಂಡನ್ ಸೇರಿದ. ಓದಿದ್ದು ಕಾರಿನ ಎಂಜಿನಿಯರಿಂಗ್ ಅಲ್ಲ, ಸ್ಟ್ರಕ್ಚರಲ್ ಎಂಜಿನಿಯರಿಂಗ್. ಅಂದರೆ ಸೇತುವೆ, ಕಟ್ಟಡ, ತೊಲೆ, ಕಂಬ. ವಿಶ್ವವಿದ್ಯಾಲಯದ ಏರ್ ಸ್ಕ್ವಾಡ್ರನ್‌ನಲ್ಲಿ ವಿಮಾನ ಹಾರಿಸುವುದನ್ನೂ ಕಲಿತ. ಈ ಎರಡು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಕೊನೆಯ ವರ್ಷ ಗಣಿತದ ಪೇಪರ್ ಹೋಯಿತು, ಮತ್ತೆ ಕಟ್ಟಿ ಒಂದು ವರ್ಷ ತಡವಾಗಿ ಡಿಗ್ರಿ ತಗೊಂಡ. ಎಂ-3 ಬ್ಯಾಕ್ ಇಟ್ಟುಕೊಂಡು ಒದ್ದಾಡಿದ ನನ್ನಂಥವರಿಗೆ ಇದು ಸಣ್ಣ ಸಮಾಧಾನವೇನಲ್ಲ.

ಕಾಲೇಜಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ವಾರೆನ್ ಸ್ಟ್ರೀಟ್ ಇತ್ತು. ಆ ಕಾಲದ ಲಂಡನ್ನಿನಲ್ಲಿ ಹಳೇ ಕಾರು ಅಂದರೆ ವಾರೆನ್ ಸ್ಟ್ರೀಟ್. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿಕೊಂಡು ಫುಟ್‌ಪಾತಿನಲ್ಲೇ ವ್ಯಾಪಾರ, ಕೈಯಲ್ಲಿ ನಗದು. ಯುದ್ಧ ಮುಗಿದಿತ್ತು, ದೇಶದ ಬಳಿ ಡಾಲರ್ ಇರಲಿಲ್ಲ. ಕಾರ್ಖಾನೆಗಳಿಂದ ಬಂದ ಹೊಸ ಕಾರುಗಳಲ್ಲಿ ಹೆಚ್ಚಿನವು ರಫ್ತಿಗೆ ಹೋಗುತ್ತಿದ್ದವು. ಬ್ರಿಟಿಷ್ ಗಿರಾಕಿ ಹೆಸರು ಬರೆಸಿ ಕಾಯಬೇಕು. ಹಾಗಾಗಿ ಯುದ್ಧಕ್ಕೆ ಮುಂಚಿನ ಡಕೋಟಾ ಕಾರುಗಳಿಗೂ ಬಂಗಾರದ ಬೆಲೆ. ಚಾಪ್‌ಮನ್ ಮತ್ತು ಅವನ ಸಹಪಾಠಿ ಕಾಲಿನ್ ಡೇರ್ ಇಬ್ಬರೂ ಕಾಲೇಜಿನ ಜೊತೆಗೇ ಈ ವ್ಯಾಪಾರಕ್ಕೆ ಇಳಿದರು. ಕೊಂಡು, ತೊಳೆದು, ಅಲ್ಪಸ್ವಲ್ಪ ಸರಿಮಾಡಿ, ಮಾರುವುದು. ಚೆನ್ನಾಗಿಯೇ ದುಡ್ಡು ಬರುತ್ತಿತ್ತು.

1947ರಲ್ಲಿ ಡಾಲರ್ ಬಿಕ್ಕಟ್ಟು ತಾರಕಕ್ಕೇರಿತು. ಇತ್ತ ನಮಗೆ ಸ್ವಾತಂತ್ರ್ಯ ಬಂದ ಅದೇ ಆಗಸ್ಟಿನಲ್ಲಿ ಅತ್ತ ಆಟ್ಲಿಯ ಲೇಬರ್ ಸರ್ಕಾರ ಖಾಸಗಿ ಕಾರುಗಳಿಗೆ ಕೊಡುತ್ತಿದ್ದ ಪೆಟ್ರೋಲ್ ರೇಷನ್ನನ್ನೇ ನಿಲ್ಲಿಸುವುದಾಗಿ ಹೇಳಿತು. ವರ್ಷದ ಕೊನೆಯ ಹೊತ್ತಿಗೆ ಪೆಟ್ರೋಲ್ ಇಲ್ಲದ ಕಾರು ಯಾರಿಗೂ ಬೇಡವಾಯಿತು. ವಾರೆನ್ ಸ್ಟ್ರೀಟ್ ಮಲಗಿತು. ಚಾಪ್‌ಮನ್ ಬಳಿ ಇದ್ದ ಕಾರುಗಳನ್ನು ನಷ್ಟಕ್ಕೆ ಮಾರಿದ. ಗಳಿಸಿದ್ದೆಲ್ಲ ಕರಗಿತು. ಕೊನೆಗೆ ಯಾರೂ ಮೂಸಿ ನೋಡದ ಒಂದು ಹಳೇ ಆಸ್ಟಿನ್ ಸೆವೆನ್ ಮಾತ್ರ ಉಳಿಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆಸ್ಟಿನ್ ಸೆವೆನ್ ಅಂದರೆ 1922ರಿಂದ 1939ರವರೆಗೆ ತಯಾರಾದ ಪುಟಾಣಿ ಕಾರು. 747 ಸಿಸಿ ಎಂಜಿನ್. ನಮ್ಮ ಮಾರುತಿ 800 ಇಲ್ಲಿ ಮಾಡಿದ್ದನ್ನು ಇದು ಬ್ರಿಟನ್ನಿನಲ್ಲಿ ಮಾಡಿತ್ತು, ಮಧ್ಯಮ ವರ್ಗದ ಮನೆಗೆ ಮೊದಲ ಕಾರಾಗಿ ಬಂದಿತ್ತು. ಚಾಪ್‌ಮನ್ ಉಳಿದ ಆ ಕಾರನ್ನು ಪ್ರೇಯಸಿ ಹೇಜಲ್ ವಿಲಿಯಮ್ಸ್‌ಳ ಅಪ್ಪ ಅಮ್ಮನ ಮನೆಯ ಹಿಂದಿದ್ದ ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡು ಬಾಡಿ ಪೂರ್ತಿ ಕಿತ್ತು ಬಿಸಾಕಿದ. ಕೆಳಗಿನ ಚಾಸಿ ತೆಳ್ಳಗೆ, ತಿರುವಿದರೆ ಬಳುಕುತ್ತಿತ್ತು. ಬೇರೆಯವರಾಗಿದ್ದರೆ ದಪ್ಪ ಕಬ್ಬಿಣ ಬೆಸುಗೆ ಹಾಕುತ್ತಿದ್ದರು. ಈತ ಪ್ಲೈವುಡ್ಡಿಗೆ ತೆಳುವಾದ ಅಲ್ಯೂಮಿನಿಯಂ ಅಂಟಿಸಿದ ಹಲಗೆಗಳನ್ನು ತಂದ. ವಿಮಾನದ ಒಡಲಿನ ಹಾಗೆ ಅಡ್ಡಗೋಡೆಗಳನ್ನು ಕೊಟ್ಟು ಹೊಸ ಬಾಡಿ ಕಟ್ಟಿದ. ಬೆಂಕಿಪೊಟ್ಟಣದ ಒಳ ತಟ್ಟೆ ಒಂದೇ ಇದ್ದರೆ ಬೆರಳಲ್ಲಿ ತಿರುಚಬಹುದು, ಹೊರ ಕವಚದೊಳಗೆ ತೂರಿಸಿದ ಮೇಲೆ ಆಗಲ್ಲ. ತತ್ವ ಅಷ್ಟೇ. ಅಲ್ಲಿಯವರೆಗೆ ಚಾಸಿಗೆ ಹೊರೆಯಾಗಿದ್ದ ಬಾಡಿಯೇ ಈಗ ಭಾರ ಹೊರತೊಡಗಿತು. 1948ರಲ್ಲಿ ಕೆಸರು ಗುಡ್ಡ ಹತ್ತುವ ಟ್ರಯಲ್ಸ್ ಸ್ಪರ್ಧೆಗೆ ಅದನ್ನು ಓಡಿಸಿದ. ಹೆಸರು ಲೋಟಸ್ ಅಂತಿಟ್ಟ. ಯಾಕೆ ಅಂತ ಕೇಳಿದವರಿಗೆ ಕೊನೆಯವರೆಗೂ ಸರಿಯಾಗಿ ಹೇಳಲಿಲ್ಲ.

ಮಾರಾಟವಾಗದ ಒಂದು ಸವೆದ ಕಾರಿನಿಂದ ಹುಟ್ಟಿದ್ದು ಲೋಟಸ್. ಸ್ಟಾರ್ಟಪ್ ಕಥೆಗಳಲ್ಲಿ ಬರುವ ಗ್ಯಾರೇಜು ಇಲ್ಲೂ ಇದೆ, ಆದರೆ ಅದು ಹುಡುಗಿಯ ಮನೆಯವರ ಗ್ಯಾರೇಜು. 1952ರ ಜನವರಿ 1ರಂದು ಕಂಪನಿ ಶುರುಮಾಡುವಾಗ ಬೇಕಾಗಿದ್ದ 25 ಪೌಂಡ್ ಸಾಲ ಕೊಟ್ಟವಳೂ ಹೇಜಲ್ಲೇ. ಜಾಗ, ರೈಲ್ವೆ ಹೋಟೆಲ್ಲಿನ ಹಿಂದಿನ ಕುದುರೆ ಲಾಯ. ಕಂಪನಿ ಚರಿತ್ರೆಗಳಲ್ಲಿ ಆ 25 ಪೌಂಡ್ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಮೊದಲ ಹೂಡಿಕೆದಾರಳು ಅಂತ ಬರೆಯೋಕೆ ಅಡ್ಡಿ ಏನಿತ್ತೋ!

ಅದಕ್ಕೆ ಸ್ವಲ್ಪ ಮೊದಲಿನ ಒಂದು ಪ್ರಸಂಗ ಹೇಳಬೇಕು, ಮನುಷ್ಯ ಎಂಥವನು ಅಂತ ಅದರಲ್ಲಿ ಗೊತ್ತಾಗುತ್ತೆ. ಬ್ರಿಟನ್ನಿನ 750 ಮೋಟಾರ್ ಕ್ಲಬ್ ಹಳೇ ಆಸ್ಟಿನ್ ಸೆವೆನ್ ಭಾಗಗಳಿಂದ ಕಟ್ಟಿದ ಕಾರುಗಳಿಗೆ ರೇಸ್ ಏರ್ಪಡಿಸುತ್ತಿತ್ತು. ಬಡವರ ರೇಸು ಅನ್ನಬಹುದು. ಆ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರಿಗೆ ಎರಡೇ ಒಳದಾರಿ. ಇಬ್ಬಿಬ್ಬರು ಒಂದೇ ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೆ. ಬ್ಲಾಕ್ ಬದಲಿಸುವಂತಿಲ್ಲ. ಚಾಪ್‌ಮನ್ ಆ ದಾರಿಯೊಳಗೆ ತೆಳು ತಗಡಿನ ಗೋಡೆ ಕೊಟ್ಟು ಪ್ರತಿ ಸಿಲಿಂಡರಿಗೂ ಬೇರೆ ಬೇರೆ ದಾರಿ ಮಾಡಿದ. ನಿಯಮದ ಅಕ್ಷರ ಮುರಿಯಲಿಲ್ಲ. 1951ರಲ್ಲಿ ಅವನ ಕಾರಿನ ಮುಂದೆ ಯಾರೂ ನಿಲ್ಲಲಿಲ್ಲ. ಕ್ಲಬ್ಬಿನವರು ಮುಂದಿನ ಸೀಸನ್ನಿಗೆ ಅದನ್ನು ನಿಷೇಧಿಸಿದರು. ನಿಯಮ ಬರೆದವರು ಏನು ಹೇಳಿದ್ದಾರೆ ಅನ್ನುವುದಕ್ಕಿಂತ ಏನು ಹೇಳಿಲ್ಲ ಅನ್ನುವುದನ್ನು ಓದುವ ಕಣ್ಣು ಅವನಿಗೆ ಹುಟ್ಟಿನಿಂದಲೇ ಬಂದಿತ್ತು. ಆಗ ನಾನಾಗಿದ್ದರೂ ಚಪ್ಪಾಳೆ ತಟ್ಟುತ್ತಿದ್ದೆ.

ಅದೇ ಕಣ್ಣು ತೆರಿಗೆ ಕಾನೂನಿನ ಮೇಲೂ ಬಿತ್ತು. ಹೊಸ ಕಾರಿಗೆ ಬ್ರಿಟನ್ನಿನಲ್ಲಿ ಭಾರೀ ಖರೀದಿ ತೆರಿಗೆ ಇತ್ತು, ಆದರೆ ಬಿಡಿಭಾಗಗಳ ಕಿಟ್ಟಿಗೆ ಇರಲಿಲ್ಲ. 1952ರಿಂದ ಮಾರಿದ ಮಾರ್ಕ್ ಸಿಕ್ಸ್ ಎಂಬ ಲೋಟಸ್ಸಿನಲ್ಲಿ ಕಂಪನಿ ಕೊಡುತ್ತಿದ್ದದ್ದು ಚೌಕಟ್ಟು, ಅಲ್ಯೂಮಿನಿಯಂ ತಗಡು, ಒಂದಷ್ಟು ಸಾಮಾನು. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ಲುಗಳನ್ನು ಗಿರಾಕಿಯೇ ಯಾವುದಾದರೂ ಹಳೇ ಫೋರ್ಡ್ ಕಾರಿನಿಂದ ಬಿಚ್ಚಿ ತಂದು ಜೋಡಿಸಿಕೊಳ್ಳಬಹುದಿತ್ತು. ಶಿವಾಜಿನಗರದ ಗುಜರಿಯಲ್ಲಿ ಎಂಜಿನ್ ಹುಡುಕಿ ಬೈಕು ಕಟ್ಟುವ ಹುಡುಗರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. 1957ರಲ್ಲಿ ಬಂದ ಲೋಟಸ್ ಸೆವೆನ್ ಇದೇ ದಾರಿಯ ಮುಂದುವರಿಕೆ. ಜೋಡಿಸುವ ವಿಧಾನ ಬರೆದುಕೊಟ್ಟರೆ ತೆರಿಗೆ ಬೀಳುತ್ತದೆ ಅಂತ ಬಿಚ್ಚುವ ವಿಧಾನ ಬರೆದು ಕೊಟ್ಟು, ಅದನ್ನು ಹಿಂದುಮುಂದಾಗಿ ಓದಿಕೊಳ್ಳಲಿ ಅಂತ ಬಿಟ್ಟರಂತೆ ಅನ್ನುವ ಕಥೆಯೂ ಇದೆ. ಕಥೆ ಎಷ್ಟು ನಿಜವೋ, ಶೈಲಿ ಮಾತ್ರ ಅವನದೇ. ಶ್ರೀಮಂತರ ಆಟದ ಸಾಮಾನಾಗಿದ್ದ ಸ್ಪೋರ್ಟ್ಸ್ ಕಾರನ್ನು ಸಂಬಳದ ಹುಡುಗನೊಬ್ಬ ತನ್ನ ಶೆಡ್ಡಿನಲ್ಲಿ ತಾನೇ ಕಟ್ಟಿಕೊಳ್ಳುವಂತೆ ಮಾಡಿದ. ಚಾಪ್‌ಮನ್ ಬಗ್ಗೆ ನನಗೆ ಇವತ್ತಿಗೂ ಇರುವ ಪ್ರೀತಿ ಈ ಕಾರಣಕ್ಕೆ. ಅವನೂ ಆಗಿನ್ನೂ ಸಂಬಳದವನೇ, ಬ್ರಿಟಿಷ್ ಅಲ್ಯೂಮಿನಿಯಂ ಕಂಪನಿಯಲ್ಲಿ ಕಟ್ಟಡಗಳಿಗೆ ಅಲ್ಯೂಮಿನಿಯಂ ಬಳಸುವಂತೆ ಒಪ್ಪಿಸುವ ಕೆಲಸ. ಹಗಲು ಆಫೀಸು, ರಾತ್ರಿ ಲಾಯ.

1962ರಲ್ಲಿ ಬಂದ ಎಲಾನ್ ಕಾರಿನ ವಿಷಯಕ್ಕೆ ಬರೋಣ. ಅಂದಾಜು 680 ಕಿಲೋ ತೂಕ, ಅಂದರೆ ನಮ್ಮ ಒಂದು ಸಾಧಾರಣ ಹ್ಯಾಚ್‌ಬ್ಯಾಕಿಗಿಂತಲೂ ಹಗುರ. ಬೆನ್ನುಮೂಳೆಯ ಹಾಗೆ ಮಧ್ಯದಲ್ಲಿ ಒಂದು ಉಕ್ಕಿನ ಪೆಟ್ಟಿಗೆ, ಮೇಲೆ ಫೈಬರ್ ಬಾಡಿ. ತಿರುವಿನಲ್ಲಿ ಅದು ಹೋಗುವ ರೀತಿಗೆ ಸಾಟಿ ಇರಲಿಲ್ಲ. ಕಾಲು ಶತಮಾನ ಆದಮೇಲೆ ಜಪಾನಿನ ಮಾಜ್ದಾದವರು ಎಂಎಕ್ಸ್-5 ಮಾಡುವಾಗ ಮುಂದಿಟ್ಟುಕೊಂಡ ಮಾದರಿ ಇದೇ ಎಲಾನ್.

ಆದರೆ ಎಲಾನನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವವರ ಕಡೆಯಿಂದ ನೋಡಿ. ಮುಂದಿನ ದೀಪಗಳು ಬಾನೆಟ್ಟಿನೊಳಗೆ ಅಡಗಿ ಕೂತು ಬೇಕಾದಾಗ ಮೇಲೇಳುತ್ತವೆ. ಎಬ್ಬಿಸುವುದು ಎಂಜಿನ್ನಿನ ನಿರ್ವಾತ. ಆ ನಿರ್ವಾತ ಕೂಡಿಡಲು ಬೇರೆ ಡಬ್ಬಿ ಇಟ್ಟರೆ ತೂಕ ಜಾಸ್ತಿ ಅಂತ ಚಾಸಿಯ ಮುಂದಿನ ಅಡ್ಡತೊಲೆಯ ಟೊಳ್ಳನ್ನೇ ಡಬ್ಬಿ ಮಾಡಿದರು. ಒಂದೇ ಭಾಗಕ್ಕೆ ಎರಡು ಕೆಲಸ, ಚಾಪ್‌ಮನ್ ಪಂಥದ ಮೊದಲ ಮಂತ್ರ. ಕಾಗದದ ಮೇಲೆ ಅದ್ಭುತ. ಹದಿನೈದು ವರ್ಷ ಇಂಗ್ಲೆಂಡಿನ ಮಳೆಗೆ ನಿಂತ ಮೇಲೆ? ಅಡ್ಡತೊಲೆ ಒಳಗಿಂದ ತುಕ್ಕು ಹಿಡಿಯುತ್ತದೆ, ಸಣ್ಣ ತೂತು ಬೀಳುತ್ತದೆ, ನಿರ್ವಾತ ಸೋರುತ್ತದೆ. ಮೊದಮೊದಲ ಎಲಾನ್‌ಗಳಲ್ಲಿ ರಾತ್ರಿ ಓಡಿಸುವಾಗ ದೀಪದ ಕಣ್ಣು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ದೀಪ ಜೋಲಿದರೆ ದೀಪ ಕೆಟ್ಟಿದೆ ಅಂತಲ್ಲ, ಸಸ್ಪೆನ್ಷನ್ ಹಿಡಿದು ನಿಂತ ತೊಲೆಯೇ ಕೊಳೆಯುತ್ತಿದೆ ಅಂತ ಅರ್ಥ. ಅನುಭವಸ್ಥ ಗಿರಾಕಿ ಬಣ್ಣ ನೋಡಲ್ಲ, ದೀಪ ಎಬ್ಬಿಸಿ ಸ್ವಲ್ಪ ಹೊತ್ತು ಕಾಯುತ್ತಾನೆ. ಹಿಂದಿನ ಚಕ್ರಕ್ಕೆ ಶಕ್ತಿ ದಾಟಿಸುವ ರಬ್ಬರಿನ ಬಿಲ್ಲೆಗಳಲ್ಲಿ ಬಿರುಕಿದೆಯಾ ಅಂತ ಬಗ್ಗಿ ನೋಡುತ್ತಾನೆ. ವಾಟರ್ ಪಂಪ್ ಅಲ್ಲಾಡಿಸಿ ನೋಡುತ್ತಾನೆ, ಯಾಕಂದರೆ ಅದು ಟೈಮಿಂಗ್ ಚೈನಿನ ಮುಚ್ಚಳದೊಳಗೇ ಕೂತಿದೆ, ಒಂದು ಪುಟ್ಟ ಪಂಪ್ ಬದಲಿಸಲು ಎಂಜಿನ್ನಿನ ತಲೆಯನ್ನೇ ಬಿಚ್ಚಬೇಕು.

ಕಾರು ಹೊಸದಿದ್ದಾಗ ಈ ಯಾವುದೂ ದೋಷವಲ್ಲ, ಜಾಣತನ. ಜಾಣತನದ ಬಿಲ್ಲು ಬರುವುದು ಮೂರನೆಯ ಓನರಿಗೆ. ವಾರೆನ್ ಸ್ಟ್ರೀಟಿನಲ್ಲಿ ಸವೆದ ಕಾರುಗಳ ಒಳಹೊರಗನ್ನು ಕಂಡಿದ್ದ ಮನುಷ್ಯನಿಗೆ ಇದು ಗೊತ್ತಿರಲಿಲ್ಲ ಅಂತ ನನಗೆ ಅನ್ನಿಸಲ್ಲ. ಗೊತ್ತಿತ್ತು, ಅದು ಅವನ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ ಅಷ್ಟೇ.

ರೇಸಿನಲ್ಲಿ ಈ ಲೆಕ್ಕ ಇನ್ನೂ ಕಠೋರ. ಅಲ್ಲಿ ಮೂರನೆಯ ಓನರ್ ಇಲ್ಲ, ಗೆರೆ ದಾಟುವವರೆಗೆ ಕಾರು ಬಾಳಿದರೆ ಸಾಕು. 1960ರ ಬೆಲ್ಜಿಯಂ ಗ್ರಾಂಪ್ರಿಯ ವಾರಾಂತ್ಯ ನೋಡಿ. ಅಭ್ಯಾಸದಲ್ಲಿ ಸ್ಟರ್ಲಿಂಗ್ ಮಾಸ್‌ನ ಲೋಟಸ್ಸಿನ ಹಿಂದಿನ ಚಕ್ರ ಕಳಚಿಕೊಂಡು ಹೋಗಿ ಆತ ಕಾಲು ಮುರಿದುಕೊಂಡ. ಅದೇ ದಿನ ಮೈಕ್ ಟೇಲರ್ ಎಂಬ ಇನ್ನೊಬ್ಬನ ಲೋಟಸ್ಸಿನ ಸ್ಟೀರಿಂಗ್ ಕಾಲಂ ತುಂಡಾಗಿ ಕಾರು ಮರಗಳೊಳಗೆ ನುಗ್ಗಿತು. ಟೇಲರ್ ಕೋರ್ಟಿಗೆ ಹೋಗಿ ಲೋಟಸ್ ವಿರುದ್ಧ ಗೆದ್ದ, ಆದರೆ ಅವನ ರೇಸಿಂಗ್ ಬದುಕು ಅಲ್ಲಿಗೆ ಮುಗಿದಿತ್ತು. ರೇಸಿನ ದಿನ ಅಲನ್ ಸ್ಟೇಸಿ ಅನ್ನುವ ಲೋಟಸ್ ಚಾಲಕ ಸತ್ತ, ಅದು ಮುಖಕ್ಕೆ ಹಕ್ಕಿ ಬಡಿದು. ಅದನ್ನು ಕಾರಿನ ತಲೆಗೆ ಕಟ್ಟುವುದು ತಪ್ಪಾಗುತ್ತೆ.

ಗೆಲುವುಗಳೂ ಬಂದವು, ಬರಬೇಕಾದದ್ದೇ. 1962ರ ಲೋಟಸ್ 25 ಆ ಹಳೇ ಆಸ್ಟಿನ್ನಿನ ಪ್ಲೈವುಡ್ ಪೆಟ್ಟಿಗೆಯ ವಿಚಾರವನ್ನೇ ಫಾರ್ಮುಲಾ ಒನ್‌ಗೆ ತಂದಿತು. ಕೊಳವೆಗಳ ಚೌಕಟ್ಟು ಬಿಟ್ಟು ಒಡಲೇ ಭಾರ ಹೊರುವ ಕಾರು. ಸ್ಕಾಟ್ಲೆಂಡಿನ ರೈತ ಜಿಮ್ ಕ್ಲಾರ್ಕ್ 1963ರಲ್ಲಿ, ಮತ್ತೆ 1965ರಲ್ಲಿ ವಿಶ್ವ ಚಾಂಪಿಯನ್ ಆದ. 65ರಲ್ಲಿ ಅಮೆರಿಕದ ಇಂಡಿಯನಾಪೊಲಿಸ್ 500 ಕೂಡ ಗೆದ್ದ. ಚಾಪ್‌ಮನ್‌ಗೂ ಅವನಿಗೂ ಅಣ್ಣತಮ್ಮಂದಿರ ಹಾಗಿತ್ತು ಅನ್ನುತ್ತಾರೆ. 1968ರ ಏಪ್ರಿಲ್ 7ರಂದು ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ ಒಂದು ಫಾರ್ಮುಲಾ ಟು ರೇಸಿನಲ್ಲಿ ಕ್ಲಾರ್ಕ್‌ನ ಲೋಟಸ್ ಮರಕ್ಕೆ ಬಡಿದು ಆತ ಸತ್ತ. ಚಾಪ್‌ಮನ್ ಕುಸಿದುಹೋದ. ಅದೇ ವರ್ಷ ಕಾರುಗಳಿಗೆ ಸಿಗರೇಟ್ ಕಂಪನಿಯ ಬಣ್ಣವೂ ಬಂತು, ತಂಡ ಮತ್ತೆ ಚಾಂಪಿಯನ್ ಕೂಡ ಆಯಿತು.

ಯೋಹೆನ್ ರಿಂಟ್ ವಿಷಯ ಬೇರೆ. ಆಸ್ಟ್ರಿಯಾದ ಈ ಚಾಲಕ 1969ರಲ್ಲಿ ಲೋಟಸ್ ಸೇರಿದ. ಆ ವರ್ಷ ಸ್ಪೇನಿನಲ್ಲಿ ಎತ್ತರದ ರೆಕ್ಕೆ ಮುರಿದು ಅಪಘಾತವಾಗಿ ಗಾಯಗೊಂಡ. ಆಮೇಲೆ ಚಾಪ್‌ಮನ್‌ಗೆ ಒಂದು ಪತ್ರ ಬರೆದ. ನಿಮ್ಮ ಕಾರುಗಳು ವೇಗವಾಗಿವೆ, ಒಂದಷ್ಟು ತೂಕ ಸೇರಿಸಿ ದುರ್ಬಲ ಭಾಗಗಳನ್ನು ಗಟ್ಟಿ ಮಾಡಿದರೂ ನಾವು ಗೆಲ್ಲಬಹುದು, ನಂಬಿಕೆ ಇದ್ದರೆ ಮಾತ್ರ ನಾನು ಓಡಿಸಬಲ್ಲೆ ಅನ್ನುವುದು ಅದರ ತಾತ್ಪರ್ಯ. ಪತ್ರ ಹೋಯಿತು. ಕಾಲ ಹೋಯಿತು. 1970ರ ಸೆಪ್ಟೆಂಬರ್ 5ರಂದು ಮೊಂಜಾದಲ್ಲಿ ಅಭ್ಯಾಸದ ವೇಳೆ ಅವನ ಲೋಟಸ್ 72ರ ಮುಂದಿನ ಬ್ರೇಕ್ ಶಾಫ್ಟ್ ಮುರಿಯಿತು. ಆ ಕಾರಿನಲ್ಲಿ ಚಕ್ರದ ತೂಕ ಕಡಿಮೆ ಮಾಡಲು ಬ್ರೇಕುಗಳನ್ನು ಚಕ್ರದಿಂದ ತೆಗೆದು ಒಡಲಿನ ಕಡೆಗೆ ಇಟ್ಟಿದ್ದರು, ಆ ಎರಡನ್ನೂ ಜೋಡಿಸುವ ಸರಳೇ ಈ ಶಾಫ್ಟ್. ಟ್ರ್ಯಾಕಿನ ಅಂಚಿನ ತಡೆಬೇಲಿಯನ್ನೂ ನೆಟ್ಟಗೆ ಹಾಕಿರಲಿಲ್ಲ. ರಿಂಟ್ ಸತ್ತ. ಅವನ ಅಂಕಗಳನ್ನು ಉಳಿದ ರೇಸುಗಳಲ್ಲಿ ಯಾರೂ ದಾಟಲಿಲ್ಲ, ಸತ್ತ ಮೇಲೆ ವಿಶ್ವ ಚಾಂಪಿಯನ್ ಆದ. ಹಾಗೆ ಆದವನು ಇವತ್ತಿಗೂ ಅವನೊಬ್ಬನೇ.

ಕಾಕತಾಳೀಯ ಅನ್ನಿ, ಅದೇ 1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಒಂದು ಪ್ರಬಂಧ ಪ್ರಕಟಿಸಿದ. ವಿಷಯ, ಹಳೇ ಕಾರುಗಳ ಮಾರುಕಟ್ಟೆ. ಮಾರುವವನಿಗೆ ಕಾರಿನ ಹಣೆಬರಹ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಅನುಮಾನದಿಂದ ಕಡಿಮೆ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೇ ಕಾರಿನವನು ಮಾರಲ್ಲ, ಮನೆಗೆ ಹೋಗುತ್ತಾನೆ. ಮಾರುಕಟ್ಟೆಯಲ್ಲಿ ಡಕೋಟಾಗಳೇ ಉಳಿಯುತ್ತವೆ. ಈ ವಾದವನ್ನು ಮೊದಲು ಕೆಲವು ಪತ್ರಿಕೆಗಳು ತಿರಸ್ಕರಿಸಿದ್ದವು, 2001ರಲ್ಲಿ ಅದಕ್ಕೇ ನೊಬೆಲ್ ಬಂತು. ಮುಕ್ತ ಮಾರುಕಟ್ಟೆ ತಾನೇ ಎಲ್ಲ ಸರಿಮಾಡಿಕೊಳ್ಳುತ್ತೆ ಅನ್ನುವ ವಾದಕ್ಕೆ ಸಿಕ್ಕ ಗಟ್ಟಿ ಏಟುಗಳಲ್ಲಿ ಇದೂ ಒಂದು. ಆದರೆ ರಿಂಟ್‌ನ ಪತ್ರ ಓದಿದ ಮೇಲೆ ನನಗನ್ನಿಸುವುದು, ಗೊತ್ತಿರುವುದು ಮಾತ್ರ ಸಾಲದು ಅಂತ. ರಿಂಟ್‌ಗೆ ಎಲ್ಲ ಗೊತ್ತಿತ್ತು. ಅದಕ್ಕಿಂತ ವೇಗದ ಕಾರು ಬೇರೆ ಕಡೆ ಇರಲಿಲ್ಲ.

ಎಪ್ಪತ್ತರ ದಶಕವನ್ನು ಬೇಗ ದಾಟುತ್ತೇನೆ. ಕಾರಿನ ಅಡಿಯಲ್ಲಿ ಗಾಳಿಯನ್ನು ಹಿಂಡಿ ನೆಲಕ್ಕೆ ಅಂಟಿಸುವ ಗ್ರೌಂಡ್ ಎಫೆಕ್ಟ್ ಬಂತು, 1978ರಲ್ಲಿ ಮಾರಿಯೊ ಆಂಡ್ರೆಟ್ಟಿ ಚಾಂಪಿಯನ್ ಆದ, ನನ್ನ ಹಾಸ್ಟೆಲ್ ಗೋಡೆಯ ಕಪ್ಪು ಬಂಗಾರದ ಕಾರು ಅದೇ. ಆದರೆ ಮಾರುಕಟ್ಟೆಯ ಕಾರುಗಳ ಕಡೆ ಗಾಳಿ ಬದಲಾಗಿತ್ತು. 1973ರಲ್ಲಿ ಬ್ರಿಟನ್ನಿಗೆ ವ್ಯಾಟ್ ಬಂದು ಕಿಟ್ಟುಗಳ ತೆರಿಗೆ ಲಾಭ ಹೋಯಿತು. ಸೆವೆನ್ ಕಾರಿನ ಹಕ್ಕನ್ನು ಕೇಟರ್‌ಹ್ಯಾಮ್ ಎಂಬ ಡೀಲರಿಗೆ ಮಾರಿದರು. ಲೋಟಸ್ ದುಬಾರಿ ಕಾರುಗಳ ಕಡೆ ಹೋಯಿತು, ದುಡ್ಡಿನ ಕಷ್ಟವೂ ಜೊತೆಗೇ ಬಂತು.

ಆಗ ಬಂದವನು ಜಾನ್ ಡಿಲೋರಿಯನ್. ಜನರಲ್ ಮೋಟಾರ್ಸ್ ಬಿಟ್ಟು ಬಂದ ಅಮೆರಿಕದ ದೊಡ್ಡ ಕಾರು ಮನುಷ್ಯ. ಸ್ಟೇನ್‌ಲೆಸ್ ಸ್ಟೀಲ್ ಮೈ, ರೆಕ್ಕೆಯ ಹಾಗೆ ಮೇಲೇಳುವ ಬಾಗಿಲು ಇರುವ ಸ್ಪೋರ್ಟ್ಸ್ ಕಾರು ಮಾಡುತ್ತೇನೆ ಅಂದ. ಬ್ಯಾಕ್ ಟು ದಿ ಫ್ಯೂಚರ್ ಸಿನಿಮಾದಲ್ಲಿ ನಾವೆಲ್ಲ ನೋಡಿದ್ದು ಅದನ್ನೇ. ಕಾರ್ಖಾನೆಗೆ ಜಾಗ ಮತ್ತು ದುಡ್ಡು ಕೊಡುವ ಸರ್ಕಾರ ಬೇಕಿತ್ತು. 1978ರಲ್ಲಿ ಬ್ರಿಟಿಷ್ ಸರ್ಕಾರ ಒಪ್ಪಿತು, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಪಕ್ಕದ ಡನ್‌ಮರಿಯಲ್ಲಿ. ಅಲ್ಲಿ ಕ್ಯಾಥೊಲಿಕ್ ಪ್ರೊಟೆಸ್ಟೆಂಟ್ ನಡುವೆ ಬಾಂಬು, ಬಂದೂಕು, ಜೊತೆಗೆ ವಿಪರೀತ ನಿರುದ್ಯೋಗ. ಕೆಲಸ ಸಿಕ್ಕರೆ ಹುಡುಗರು ಬಂದೂಕು ಬಿಡುತ್ತಾರೆ ಅನ್ನುವ ಆಸೆ ಸುಳ್ಳಲ್ಲ. ಎರಡೂ ಸಮುದಾಯದ ಸುಮಾರು ಎರಡೂವರೆ ಸಾವಿರ ಜನ ಒಂದೇ ಸೂರಿನಡಿ ಕೆಲಸ ಮಾಡಿದರು. ಕೊನೆಗೆ ಆ ಕಂಪನಿಗೆ ಹೋದ ಸಾರ್ವಜನಿಕ ಹಣ ಏಳೂವರೆ ಕೋಟಿ ಪೌಂಡಿಗೂ ಹೆಚ್ಚು.

ಕಾರು ಚಿತ್ರದಲ್ಲಿ ಚಂದವಿತ್ತು, ರಸ್ತೆಗೆ ಸಿದ್ಧವಿರಲಿಲ್ಲ. ಅದನ್ನು ಸಿದ್ಧಪಡಿಸುವ ಎಂಜಿನಿಯರಿಂಗ್ ಕೆಲಸ ಲೋಟಸ್‌ಗೆ ಸಿಕ್ಕಿತು. ಚಾಪ್‌ಮನ್‌ನ ಹುಡುಗರು ತಮ್ಮ ಬೆನ್ನುಮೂಳೆ ಚಾಸಿಯನ್ನೇ ಅದಕ್ಕೂ ಹೊಂದಿಸಿದರು. ಆದರೆ ಒಪ್ಪಂದ ನೇರವಾಗಿ ಲೋಟಸ್ ಜೊತೆ ಆಗಲಿಲ್ಲ. ನಡುವೆ ಜಿಪಿಡಿ ಸರ್ವೀಸಸ್ ಅಂತ ಒಂದು ಕಂಪನಿ ಬಂತು. ನೋಂದಣಿ ಪನಾಮಾ, ವಿಳಾಸ ಜಿನೀವಾ. ಕಾರು ಅಭಿವೃದ್ಧಿಗೆ ಅಂತ ಅದಕ್ಕೆ ಕೊಟ್ಟದ್ದು 1 ಕೋಟಿ 76 ಲಕ್ಷ ಡಾಲರಿಗೂ ಹೆಚ್ಚು. ಇತ್ತ ಲೋಟಸ್ ಮಾಡಿದ ಕೆಲಸಕ್ಕೆ ಡಿಲೋರಿಯನ್ ಕಂಪನಿ ಲೋಟಸ್‌ಗೆ ಬೇರೆಯಾಗಿಯೇ ದುಡ್ಡು ಕೊಡುತ್ತಿತ್ತು. ಅಂದರೆ ಪನಾಮಾಕ್ಕೆ ಹೋದ ದುಡ್ಡಿಗೆ ಕೆಲಸವೇ ಇರಲಿಲ್ಲ. ಒಂದೇ ಭಾಗಕ್ಕೆ ಎರಡು ಕೆಲಸ ಕೊಡುತ್ತಿದ್ದವನ ಬದುಕಿನಲ್ಲಿ ಈಗ ಒಂದೇ ಕೆಲಸಕ್ಕೆ ಎರಡು ಬಿಲ್ಲು.

1981ರಲ್ಲಿ ಕಾರುಗಳು ಹೊರಬಂದವು. ಸುಮಾರು 9,000 ತಯಾರಾದವು, ಅಮೆರಿಕದಲ್ಲಿ ಅಂದುಕೊಂಡಷ್ಟು ಮಾರಲಿಲ್ಲ. 1982ರ ಫೆಬ್ರುವರಿಯಲ್ಲಿ ಕಂಪನಿ ದಿವಾಳಿ ಅಧಿಕಾರಿಗಳ ಕೈಗೆ ಹೋಯಿತು, ಅದೇ ವರ್ಷದ ಕೊನೆಗೆ ಬಾಗಿಲು ಮುಚ್ಚಿತು. ಅಕ್ಟೋಬರ್ 19ರಂದು ಡಿಲೋರಿಯನ್ ಮಾದಕವಸ್ತು ಪ್ರಕರಣದಲ್ಲಿ ಅಮೆರಿಕದಲ್ಲಿ ಬಂಧನಕ್ಕೊಳಗಾದ, ಮುಂದೆ ಖುಲಾಸೆಯೂ ಆದ. ಲೆಕ್ಕಪತ್ರ ತೆರೆದವರಿಗೆ ಜಿಪಿಡಿ ಕಂಡಿತು. ಪ್ರಶ್ನೆಗಳು ಲೋಟಸ್‌ನ ಬಾಗಿಲಿಗೆ ಬರತೊಡಗಿದವು.

1982ರ ಡಿಸೆಂಬರ್ 16ರಂದು, ಪ್ಯಾರಿಸ್ಸಿನಿಂದ ಮನೆಗೆ ಮರಳಿದ ಚಾಪ್‌ಮನ್ ಹೃದಯಾಘಾತದಿಂದ ತೀರಿಕೊಂಡ. 54 ವರ್ಷ. ಸತ್ತಿಲ್ಲ, ಎಲ್ಲೋ ತಲೆಮರೆಸಿಕೊಂಡಿದ್ದಾನೆ ಅನ್ನುವ ಪುಕಾರು ವರ್ಷಗಟ್ಟಲೆ ಓಡಾಡಿತು. ಅಂಥ ಪುಕಾರು ಹುಟ್ಟಿದ್ದೇ ಅವನ ಬಗ್ಗೆ ಜನ ಏನಂದುಕೊಂಡಿದ್ದರು ಅನ್ನುವುದಕ್ಕೆ ಸಾಕ್ಷಿ. ಹತ್ತು ವರ್ಷದ ಮೇಲೆ, 1992ರಲ್ಲಿ, ಲೋಟಸ್‌ನ ಹಣಕಾಸು ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಶೆಲ್ ಬೆಲ್‌ಫಾಸ್ಟ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷ ಜೈಲು ಮತ್ತು ದಂಡದ ಶಿಕ್ಷೆ ಪಡೆದ. ಚಾಪ್‌ಮನ್ ಬದುಕಿದ್ದು ಆ ಕಟಕಟೆಯಲ್ಲಿ ನಿಂತಿದ್ದರೆ ಹತ್ತು ವರ್ಷಕ್ಕೆ ಕಡಿಮೆ ಇಲ್ಲದ ಶಿಕ್ಷೆ ಕೊಡುತ್ತಿದ್ದೆ ಅಂತ ನ್ಯಾಯಾಧೀಶರು ಹೇಳಿದರು. ಸತ್ತವನ ಮೇಲೆ ವಿಚಾರಣೆ ನಡೆದಿಲ್ಲ, ತನ್ನ ಪರ ಮಾತಾಡಲು ಆತ ಇರಲಿಲ್ಲ, ಇದನ್ನೂ ಹೇಳಬೇಕು. ಡನ್‌ಮರಿಯ ಆ ಎರಡೂವರೆ ಸಾವಿರ ಜನರ ಪರವಾಗಿಯೂ ಅಲ್ಲಿ ಯಾರೂ ಮಾತಾಡಲಿಲ್ಲ.

ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ. ಮೀಟರ್ ಬಿಡು, ಕೊನೆಯ ಐದು ವರ್ಷದ ಇನ್ಶೂರೆನ್ಸ್ ಕ್ಲೇಮು, ಹೊಗೆ ತಪಾಸಣೆಯ ಚೀಟಿ, ಟೈರ್ ಬಿಲ್ಲು ಏನಿದ್ದರೂ ಕೇಳು, ಗೊತ್ತಿರುವ ಮೆಕ್ಯಾನಿಕ್ಕಿಗೆ ದುಡ್ಡು ಕೊಟ್ಟು ಲಿಫ್ಟ್ ಮೇಲೆ ಏರಿಸಿ ನೋಡಿಸು. ಮಾರುವವರು ಲಿಫ್ಟ್ ಯಾಕೆ ಸಾರ್, ನಂಬಿಕೆ ಇಲ್ವಾ ಅಂದರಂತೆ. ಇವನು ಇನ್ನೂ ಯೋಚನೆ ಮಾಡ್ತಿದಾನೆ. ಆ ಬಾಗಿಲು ಮುಚ್ಚುವ ಸದ್ದು ಒಂದ್ಸಲ ಕೇಳಿದ್ರೆ ನಿಂಗೂ ಗೊತ್ತಾಗ್ತಿತ್ತು ಅಂತಾನೆ. ನನಗೂ ಗೊತ್ತು.

ಅಂದ ಹಾಗೆ ಪ್ಲೈವುಡ್ ಹಲಗೆ ಹೊಡೆದು ಕಟ್ಟಿದ ಆ ಮೊದಲ ಲೋಟಸ್ ಏನಾಯಿತು? ಚಾಪ್‌ಮನ್ ಅದನ್ನೂ ಇಟ್ಟುಕೊಳ್ಳಲಿಲ್ಲ. ಜಾಹೀರಾತು ಕೊಟ್ಟು 1950ರಲ್ಲಿ ಮಾರಿಬಿಟ್ಟ. ಕೊಂಡವರು ಉತ್ತರ ಇಂಗ್ಲೆಂಡಿನವರು. ಅಲ್ಲಿಂದಾಚೆ ಅದರ ಸುಳಿವಿಲ್ಲ. 2018ರಲ್ಲಿ, ಎಪ್ಪತ್ತು ವರ್ಷದ ನೆಪದಲ್ಲಿ, ಅವನ ಮಗ ಕ್ಲೈವ್ ನಿಮ್ಮ ಶೆಡ್ಡು, ಕೊಟ್ಟಿಗೆಗಳಲ್ಲಿ ಒಮ್ಮೆ ಹುಡುಕಿ ನೋಡಿ ಅಂತ ಲೋಕಕ್ಕೆಲ್ಲ ಕೇಳಿಕೊಂಡ. ನಂಬರ್ ಪ್ಲೇಟ್ ಓಎಕ್ಸ್ 9292.